ಟೆಸ್ಟಿಂಗ್‌ನಲ್ಲಿ ಒಳ್ಳೆ ಪ್ರಶ್ನೆ ಕೇಳುವುದನ್ನು ಕಲಿಯುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಹೊಸಬಳು. ಮೀಟಿಂಗ್‌ನಲ್ಲಿ ‘ಏನಾದ್ರೂ ಡೌಟ್ ಇದೆಯಾ?’ ಅಂದಾಗ ನನಗೆ ಏನೂ ಹೊಳೆಯುವುದಿಲ್ಲ. ಈಗ ಬಂದಿರುವ ರಿಕ್ವೈರ್‌ಮೆಂಟ್ (ಸಾಫ್ಟ್‌ವೇರ್ ಏನು ಮಾಡಬೇಕು ಅನ್ನುವ ಬೇಡಿಕೆ): ‘ಆರ್ಡರ್ ಆದ ತಕ್ಷಣ ಗ್ರಾಹಕರಿಗೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಹೋಗಬೇಕು.’ ಇದರಲ್ಲಿ ಕೇಳುವುದಕ್ಕೆ ಏನಿದೆ?

ಉತ್ತರ 1:
ತುಂಬಾ ಇದೆ! ಒಂದೊಂದೇ ಪದ ಹಿಡಿದು ಕೇಳಿ. ‘ಆರ್ಡರ್ ಆದ’ ಅಂದರೆ ದುಡ್ಡು ಕಟ್ಟಿದ ಮೇಲಾ, ಅಂಗಡಿಯವರು ಒಪ್ಪಿದ ಮೇಲಾ? ‘ತಕ್ಷಣ’ ಅಂದರೆ ಎಷ್ಟು ಸೆಕೆಂಡ್?

ಜಾಸ್ತಿ ಹೊತ್ತು ನಿಲ್ಲಬೇಕಾದದ್ದು ‘ಕನ್ನಡದಲ್ಲಿ’ ಅನ್ನುವ ಕಡೆ. ಇಂಗ್ಲಿಷ್ ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡಕ್ಕೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳನ್ನೂ ಕಂಪ್ಯೂಟರ್‌ನಲ್ಲಿ ಗುರುತಿಸುವ ಪದ್ಧತಿ) ಬೇಕು, ಹಾಗಾಗಿ 70 ಮಾತ್ರ. ಅದರಲ್ಲೂ ‘ಕ್ಷ’ ಕಣ್ಣಿಗೆ ಒಂದು, ಲೆಕ್ಕಕ್ಕೆ ಮೂರು: ಕ, ಒತ್ತಕ್ಷರ ಕೂಡಿಸುವ ಚಿಹ್ನೆ (್), ಷ. 70 ದಾಟಿದರೆ ಸಂದೇಶ ತುಂಡಾಗುತ್ತದೆ, ಆಗ ತುಂಡಿಗೆ 67 ಅಷ್ಟೇ. ಸಾಮಾನ್ಯವಾಗಿ ಪ್ರತಿ ತುಂಡಿಗೂ ಬಿಲ್ ಬೀಳುತ್ತದೆ. ‘ಹೆಸರು ಉದ್ದ ಇದ್ದರೆ ಎರಡು ಎಸ್ಸೆಮ್ಮೆಸ್ ಖರ್ಚು ಪರವಾಗಿಲ್ವಾ?’ ಅಂತ ಕೇಳಿ. ಮೀಟಿಂಗ್‌ನಲ್ಲಿ ಎಲ್ಲರೂ ತಲೆ ಎತ್ತುತ್ತಾರೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಇನ್ನೊಂದು, ಡೆವಲಪರ್ ಹತ್ತಿರ ‘ಇದು ಕೆಲಸ ಮಾಡುತ್ತಾ?’ ಅಂತ ಕೇಳಬೇಡಿ. ‘ಹೂಂ’ ಅಂದರೆ ಮಾತು ಮುಗೀತು. ‘ಎಸ್ಸೆಮ್ಮೆಸ್ ಗೇಟ್‌ವೇ (ಸಂದೇಶ ಕಳಿಸಿಕೊಡುವ ಸೇವೆ) ಡೌನ್ ಆದರೆ ಆರ್ಡರ್ ಏನಾಗುತ್ತೆ?’ ಅಂತ ಕೇಳಿ, ಆಮೇಲೆ ಸ್ವಲ್ಪ ಸುಮ್ನಿರಿ. ಅವರು ಯೋಚಿಸುವಾಗ ನಾವು ನಡುವೆ ಬಾಯಿ ಹಾಕಬಾರದು. ದಿನಾ ಬಳಸುವ ಯಾವುದಾದರೂ ಆ್ಯಪ್‌ನ ಒಂದೇ ಸ್ಕ್ರೀನ್ ಇಟ್ಟುಕೊಂಡು ಹೀಗೆ ಪ್ರಶ್ನೆ ಬರೆದು ನೋಡಿ, ಕೈ ಪಳಗುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಈಗಲೇ ಒಂದು ಹೊಳೀತು: ಗ್ರಾಹಕರು ಹೆಸರನ್ನು ಇಂಗ್ಲಿಷ್‌ನಲ್ಲಿ ಕೊಟ್ಟಿದ್ದರೆ ಎಸ್ಸೆಮ್ಮೆಸ್‌ನಲ್ಲಿ ಹಾಗೇ ಬರಬೇಕಾ, ಕನ್ನಡಕ್ಕೆ ಬದಲಾಗಬೇಕಾ? ನಾಳೆ ಕೇಳ್ತೀನಿ.