ಗಿನಿಪಿಗ್‌ಗೆ ಅಡಿಯಲ್ಲಿ ಎಂತ ಹಾಸುದು, ಈ ಮಳೆಗೆ?

ಬದಿಯಡ್ಕದವ: ಮನೆಯೊಳಗೆ ಎರಡು ಗಿನಿಪಿಗ್ ಉಂಟು, ಇಷ್ಟು ದಿನ ಮರದ ಮಿಲ್ಲಿಂದ ಹುಡಿ ತಂದು ಹಾಕ್ತಿದ್ದೆ. ಈಗ ನಾಲ್ಕು ದಿನದಿಂದ ಹೆಣ್ಣು ಸೀನುದೇ ಸೀನುದು. ಬೇರೆ ಎಂತ ಹಾಸಬಹುದು? ಮಳೆ ಬೇರೆ ಬಿಡ್ತಾ ಇಲ್ಲ.

ಪೆರ್ಲದಕ್ಕ: ಹುಡಿ ಇವತ್ತೇ ತೆಗೀರಿ ಮಾರಾಯ್ರೆ. ಮಿಲ್ಲಲ್ಲಿ ಹಲಸು, ತೇಗ, ಮಾವು ಎಲ್ಲ ಒಟ್ಟಿಗೆ ಕೊಯ್ತಾರೆ, ಯಾವ ಮರದ್ದು ಅಂತಲೇ ಗೊತ್ತಾಗುದಿಲ್ಲ, ಪಾಪದವುಗಳ ಮೂಗು ಇರುದೇ ನೆಲದ ಹತ್ರ, ಆ ಧೂಳೆಲ್ಲ ಸೀದಾ ಒಳಗೆ ಹೋಗುದು. ನಾನು ಕಂಬಳಿ ಹಾಗೆ ಮೆತ್ತಗಿನ ಫ್ಲೀಸ್ ಬಟ್ಟೆ ಹಾಸುದು, ಅಡಿಗೆ ಹಳೆ ಬೈರಾಸು (ಟವೆಲ್) ಎರಡು ಪದರ. ಹೊಸ ಫ್ಲೀಸನ್ನು ಮೂರ್ನಾಲ್ಕು ಸರ್ತಿ ಒಗೀಬೇಕು, ಬಟ್ಟೆ ಮೆತ್ತಗಾಗ್ಲಿಕ್ಕೆ ಹಾಕುವ ಪರಿಮಳದ ಲಿಕ್ವಿಡ್ ಮಾತ್ರ ಬೇಡ. ಒಗೆದು ಒಣಗಿದ ಮೇಲೆ ಒಂದು ಚಮಚ ನೀರು ಹಾಕಿ ನೋಡಿ, ಮಣಿ ಹಾಗೆ ಮೇಲೆಯೇ ನಿಂತ್ರೆ ಇನ್ನೊಮ್ಮೆ ಒಗೀರಿ, ಅಡಿಗೆ ಇಳಿದ್ರೆ ಹಾಸಬಹುದು.

ಕುಂಬ್ಳೆ ಕಡಲು: ಅಕ್ಕ, ಅದು ಬೇಸಿಗೆಗೆ ಸರಿ. ಆಟಿ ತಿಂಗಳ ಮಳೆಯಲ್ಲಿ ಬೈರಾಸು ಒಣಗ್ಲಿಕ್ಕೆ ಮೂರು ದಿನ ಬೇಕು. ಹೋದ ವರ್ಷ ಅರೆ ಒಣಗಿದ್ದನ್ನೇ ಹಾಸಿದ್ದೆ, ನಮ್ಮದರ ಅಂಗಾಲು ಕೆಂಪಾಗಿ ಊದಿತು, ಒದ್ದೆಯಲ್ಲೇ ಕೂತು ಹೀಗಾದ್ದು ಅಂದ್ರು ಡಾಕ್ಟ್ರು. ಆ ನೋವು ನೋಡಿದ ಮೇಲೆ ನಾನು ಪೇಪರ್ ಬೆಡ್ಡಿಂಗಿಗೆ, ಅಂದ್ರೆ ಕಾಗದದಿಂದ ಮಾಡಿದ ಹಾಸಿಗೆ ಬದಲಾದೆ. ಖರ್ಚು ಉಂಟು, ಆದ್ರೆ ಒದ್ದೆ ಆದ್ದನ್ನು ತೆಗೆದು ಬಿಸಾಡಿದ್ರಾಯ್ತು.

ನೀರ್ಚಾಲು ತೋಟ: ಗೋಣಿ ಹಾಸಿ ಮೇಲೆ ಬೈಹುಲ್ಲು ಹಾಕಿದ್ರೆ ಸಾಲದಾ? ಇಲ್ಲಿ ಎಲ್ಲರ ಮನೇಲೂ ಇರ್ತದೆ.

ಪೆರ್ಲದಕ್ಕ: ಬೇಡ ಅಣ್ಣ. ಗೋಣಿಯ ನೂಲು ಉಗುರಿಗೆ ಸಿಕ್ಕಿಹಾಕಿಕೊಳ್ತದೆ, ಬೈಹುಲ್ಲಿನ ತುದಿ ಕಣ್ಣಿಗೆ ಚುಚ್ಚುದು, ಮೂತ್ರವನ್ನೂ ಅಷ್ಟು ಹೀರುದಿಲ್ಲ, ಈ ಮಳೆಗೆ ಬೂಸ್ಟು ಬೇರೆ.

ನೀರ್ಚಾಲು ತೋಟ: ಕಣ್ಣಿನ ವಿಷಯ ಗೊತ್ತಿರ್ಲಿಲ್ಲ. ಹಾಗಾದ್ರೆ ಫ್ಲೀಸನ್ನೇ ಬಚ್ಚಲೊಲೆ ಮೇಲೆ ಕಟ್ಟಿ ಒಣಗಿಸಬಹುದಲ್ಲ?

ಪೆರ್ಲದಕ್ಕ: ಫ್ಲೀಸ್ ಅಂದ್ರೆ ಪಾಲಿಯೆಸ್ಟರ್, ಬೆಂಕಿ ಹತ್ರ ಕರಗ್ತದೆ. ಹೊಗೆ ವಾಸನೆ ಹಿಡಿದ್ರೆ ಸೀನುವ ಪ್ರಾಣಿಗೆ ಇನ್ನೂ ಕಷ್ಟ. ನಾನು ನಾಲ್ಕು ಸೆಟ್ ಇಟ್ಟಿದ್ದೇನೆ, ಫ್ಯಾನಿನ ಅಡಿಯಲ್ಲಿ ಒಣಗಿಸುದು, ಮಳೆಗಾಲದಲ್ಲೂ ಫ್ಲೀಸ್ ಬಿಡ್ಲಿಲ್ಲ.

ಕುಂಬ್ಳೆ ಕಡಲು: ನಾಲ್ಕು ಸೆಟ್ ಇದ್ದವರಿಗೆ ಆಗ್ತದೆ, ಕರೆಂಟೂ ಇರ್ಬೇಕಲ್ಲ. ಬದಿಯಡ್ಕದವ್ರೇ, ಎರಡನ್ನೂ ಸೇರಿಸಿ. ಅವು ಹುಲ್ಲು ತಿನ್ನುವಲ್ಲೇ ಹೆಚ್ಚು ಮೂತ್ರ ಮಾಡುದು, ಅಲ್ಲಿ ಒಂದು ಅಗಲ ಟ್ರೇಯಲ್ಲಿ ಪೇಪರ್ ಬೆಡ್ಡಿಂಗ್ ಹಾಕಿ, ಉಳಿದ ಕಡೆ ಫ್ಲೀಸ್. ಆಗ ಒಗೆಯುದು ತುಂಬ ಕಮ್ಮಿ ಆಗ್ತದೆ. ಪೈನ್ ಮರದ ಚಕ್ಕೆ ತರುದಾದ್ರೆ ಬಿಸಿಗೂಡಲ್ಲಿ ಒಣಗಿಸಿದ್ದು (ಕಿಲ್ನ್ ಡ್ರೈಡ್), ಧೂಳಿಲ್ಲದ್ದು ನೋಡಿ. ಸೀಡರ್ ಮರದ್ದು ಬೇಡವೇ ಬೇಡ, ಅದರ ಪರಿಮಳದ ಎಣ್ಣೆ ಒಳ್ಳೇದಲ್ಲ. ಬೆಕ್ಕಿನ ಮಲಮೂತ್ರದ ಟ್ರೇಗೆ ಹಾಕುವ, ಒದ್ದೆ ಆದ್ರೆ ಉಂಡೆ ಕಟ್ಟುವ ಮಣ್ಣೂ ಬೇಡ, ತಿಂದ್ರೆ ಹೊಟ್ಟೆಯಲ್ಲಿ ಗಟ್ಟಿ ಆಗ್ತದೆ.

ಪೆರ್ಲದಕ್ಕ: ಟ್ರೇ ಐಡಿಯಾ ನಾನೂ ಮಾಡಿ ನೋಡ್ತೇನೆ. ಆದ್ರೆ ಬದಿಯಡ್ಕದವ್ರೇ, ಹಾಸು ಬದಲಿಸಿ ಕಾದು ನೋಡುವ ಅಂತ ಕೂರ್ಬೇಡಿ. ನಾಲ್ಕು ದಿನ ಸೀನಿದ್ದು ಸಣ್ಣದಲ್ಲ, ಇವು ಕಾಯಿಲೆ ಅಡಗಿಸಿಕೊಳ್ತವೆ. ತಿನ್ನುದು ನಿಲ್ಲಿಸಿದ್ರೆ ಒಂದು ದಿನವೂ ಕಾಯ್ಲಿಕ್ಕಿಲ್ಲ. ತಿಂತಾ ಉಂಟಾ?

ಬದಿಯಡ್ಕದವ: ತಿಂತಾ ಉಂಟು ಅಕ್ಕ, ಸ್ವಲ್ಪ ಕಮ್ಮಿ. ಹುಡಿ ಎಲ್ಲ ಗುಡಿಸಿ ತೆಗೆದೆ, ಸದ್ಯಕ್ಕೆ ಒಣಗಿದ ಹಳೆ ಕಾಟನ್ ಬೆಡ್‌ಶೀಟ್ ಮಡಚಿ ಹಾಸಿದ್ದೇನೆ. ಬೆಳಿಗ್ಗೆ ಬೇಗ ಡಾಕ್ಟ್ರ ಹತ್ರ ಹೊರಡ್ತೇನೆ.