ಉಪಗ್ರಹ ಚಿತ್ರ ಇಟ್ಟುಕೊಂಡು ಹವಾಮಾನ ಪಾಠ: ಅಧ್ಯಾಪಕರಿಗೆ ತರಬೇತಿ ಕೊಟ್ಟವರು ಅನುಭವ ಹೇಳಿ

ಕಲಬುರಗಿ ಪದವಿ ಕಾಲೇಜು: ಭೂಗೋಳ, ಭೌತಶಾಸ್ತ್ರದ ಅಧ್ಯಾಪಕರಿಗೆ ಒಂದು ವಾರದ ತರಬೇತಿ ಇಡಬೇಕೆಂದಿದ್ದೇವೆ. ಇಸ್ರೋದ ಇನ್ಸಾಟ್ ಉಪಗ್ರಹಗಳ ಡೇಟಾ ಬಳಸಿ ವಾತಾವರಣ ವಿಜ್ಞಾನ ಕಲಿಸುವುದು ವಿಷಯ. ಇಪ್ಪತ್ತು ಜನ, ಹಳೇ ಲ್ಯಾಬ್. ಆನ್‌ಲೈನ್ ಒಳ್ಳೆಯದಾ, ಎದುರಾಎದುರು ಒಳ್ಳೆಯದಾ?

ಬೀದರ್ ಫಿಜಿಕ್ಸ್: ನಾವು ಎದುರಾಎದುರೇ ಮಾಡಿದೆವು, ಹೆಮ್ಮೆಯಿದೆ. ಖರ್ಚು ಮಾತ್ರ ಕೇಳಬೇಡಿ. ಮಂಜೂರಾಗಿದ್ದು 60 ಸಾವಿರ. ಹೈದರಾಬಾದಿನಿಂದ ಸಂಪನ್ಮೂಲ ವ್ಯಕ್ತಿಯ ಕಾರಿಗೆ 9 ಸಾವಿರ. ಊಟ ತಲೆಗೆ 140 ಅಂದವನು ಬಿಲ್‌ನಲ್ಲಿ 170 ಹಾಕಿದ. ಬ್ಯಾಗು, ಬ್ಯಾನರ್, ಶಾಲು, ಹಾರ ಅಂತ 11 ಸಾವಿರ. ಎರಡನೇ ಕಂತು ಇನ್ನೂ ಬಂದಿಲ್ಲ. ಹಾರದ ಬಿಲ್‌ಗೆ ಜಿಎಸ್‌ಟಿ ನಂಬರ್ ಇಲ್ಲ ಅಂತ ಆಕ್ಷೇಪ. ಹೂ ಕಟ್ಟುವ ಅಜ್ಜಿ ಹತ್ರ ಜಿಎಸ್‌ಟಿ ಎಲ್ಲಿಂದ ಬರಬೇಕ್ರಿ?

ಪಾಠ ಚೆನ್ನಾಗಾಯಿತು. ಇನ್ಸಾಟ್-3ಡಿಆರ್‌ನ ಒಂದೇ ಹೊತ್ತಿನ ಎರಡು ಚಿತ್ರ ಪಕ್ಕಪಕ್ಕ ಇಟ್ಟೆ. ಒಂದು ಬೆಳಕಿನದು, ಇನ್ನೊಂದು 10.8 ಮೈಕ್ರಾನ್ ತರಂಗಾಂತರದ ಇನ್‌ಫ್ರಾರೆಡ್, ಅಂದರೆ ಶಾಖದ ಕಿರಣದ್ದು. ಇನ್‌ಫ್ರಾರೆಡ್‌ನಲ್ಲಿ ಬೆಳ್ಳಗೆ ಕಂಡದ್ದೆಲ್ಲ ಮಳೆ ಮೋಡ ಅಂದರು ಬಂದಿದ್ದ ಅಧ್ಯಾಪಕರು. ಬೆಳಕಿನ ಚಿತ್ರದಲ್ಲಿ ಅದೇ ಜಾಗ ತೆಳು, ಕೆಳಗಿನ ನೆಲ ಕಾಣುತ್ತಿದೆ! ಎತ್ತರದ ಸಿರಸ್ ಅದು, ಮಂಜಿನ ಹರಳಿನ ತೆಳು ಮೋಡ. ಇನ್‌ಫ್ರಾರೆಡ್ ಅಳೆಯುವುದು ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅಂತ; ತಣ್ಣಗಿದ್ದಷ್ಟೂ ಬೆಳ್ಳಗೆ. ಹೊಟ್ಟೆಯಲ್ಲಿ ನೀರಿದೆಯಾ ಅಂತಲ್ಲ.

ಯಾದಗಿರಿ ಭೂಗೋಳ ಮೇಡಂ: ಶಾಲು ಹಾರಕ್ಕೆ 11 ಸಾವಿರ ಸುರಿದು ಆಮೇಲೆ ಅಳೋದ್ಯಾಕೆ ಸರ್? ನಾನು ಡೆಹ್ರಾಡೂನಿನ ಐಐಆರ್‌ಎಸ್‌ನ (ಇಸ್ರೋದ ದೂರಸಂವೇದಿ ತರಬೇತಿ ಸಂಸ್ಥೆ) ಉಚಿತ ಆನ್‌ಲೈನ್ ಕೋರ್ಸ್ ಮಾಡಿ, ಅದನ್ನೇ ನಮ್ಮವರಿಗೆ ಹೇಳಿಕೊಟ್ಟೆ. ತಲೆನೋವು ಆಗಿದ್ದು ಲ್ಯಾಬಿನಲ್ಲಿ. ಇಸ್ರೋದ ಉಪಗ್ರಹ ಡೇಟಾ ಸಿಗುವ ಜಾಲತಾಣ ಮೊಸ್ಡ್ಯಾಕ್‌ನಲ್ಲಿ ಆರ್ಡರ್ ಹಾಕಿದರೆ ಎಚ್‌ಡಿಎಫ್5 ಅನ್ನೋ ಮಾದರಿಯ ಡೇಟಾ ಫೈಲ್ ಬರುತ್ತೆ. ತೆರೆಯಲು ಪ್ಯಾನೊಪ್ಲಿ ಅನ್ನೋ ತಂತ್ರಾಂಶ ಬೇಕು, ಅದಕ್ಕೆ ಜಾವಾ ಬೇಕು, ಜಾವಾ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಗೊತ್ತಿದ್ದವರು ಸುರಪುರಕ್ಕೆ ವರ್ಗವಾಗಿದ್ದರು! 4 ಜಿಬಿ ಯಂತ್ರಗಳು ಫೈಲ್ ತೆರೆದ ಕೂಡಲೇ ನಿಂತುಬಿಡುತ್ತಿದ್ದವು. ಒಂದಕ್ಕೆ 1,850ರಂತೆ ರ್‍ಯಾಮ್ ಕೈಯಿಂದ ಹಾಕಿಸಿದೆ. ಆ ದುಡ್ಡು ಬರಲಿಲ್ಲ, ಬರೋದೂ ಇಲ್ಲ.

ಪಾಠಕ್ಕೆ ನಾನು ತೆಗೆದುಕೊಂಡಿದ್ದು 2020ರ ಅಕ್ಟೋಬರ್. 13ರಂದು ವಾಯುಭಾರ ಕುಸಿತ ಕಾಕಿನಾಡ ಹತ್ತಿರ ದಡ ದಾಟಿ, ತೆಲಂಗಾಣದ ಮೇಲಿಂದ ನಮ್ಮ ಕಡೆ ಬಂತು. ಅರ್ಧ ಗಂಟೆಗೊಂದು ಚಿತ್ರ ಜೋಡಿಸಿ ಓಡಿಸಿದೆ. ಪಕ್ಕದಲ್ಲಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಕೆಎಸ್‌ಎನ್‌ಡಿಎಂಸಿಯ ಮಳೆಮಾಪಕದ ಅಂಕಿ. ಭೀಮಾ ದಂಡೆಯ ಮೇಷ್ಟ್ರು ಒಬ್ಬರು ಎದ್ದು, "ಈ ಮೋಡದ ಕೆಳಗೇ ನಮ್ಮನೆ ಇತ್ರೀ" ಅಂದರು.

ಬೀದರ್ ಫಿಜಿಕ್ಸ್: ಸಿನಿಮಾ ತೋರಿಸಿದ್ದನ್ನ ತರಬೇತಿ ಅಂತೀರಾ ಮೇಡಂ? ವಸ್ತುವಿನ ತಾಪಕ್ಕೆ ತಕ್ಕಂತೆ ಎಷ್ಟು ವಿಕಿರಣ ಹೊಮ್ಮುತ್ತೆ ಅನ್ನೋ ಪ್ಲಾಂಕ್ ನಿಯಮ ಹೇಳದೆ ಇನ್‌ಫ್ರಾರೆಡ್ ಏನು ಅರ್ಥವಾಗುತ್ತೆ? ಭೂಗೋಳದವರು ಬಣ್ಣ ನೋಡಿ ಖುಷಿಪಡುತ್ತಾರೆ ಅಷ್ಟೇ.

ಯಾದಗಿರಿ ಭೂಗೋಳ ಮೇಡಂ: ನಿಮ್ಮವರು ಬೋರ್ಡ್ ತುಂಬ ಸಮೀಕರಣ ಬರೆಯುತ್ತಾರೆ. ಕಿಟಕಿ ಆಚೆ ಇರೋ ಮೋಡ ಯಾವುದು ಅಂದರೆ ಪುಸ್ತಕ ಹುಡುಕುತ್ತಾರೆ.

ಅತಿಥಿ ಉಪನ್ಯಾಸಕ, ಕಲಬುರಗಿ: ನಿಮಗೇನ್ರಿ, ಸರ್ಟಿಫಿಕೇಟ್ ಬಡ್ತಿಗೆ ಬರುತ್ತೆ, ಓಒಡಿ (ಕರ್ತವ್ಯದ ಮೇಲಿದ್ದಂತೆ ಲೆಕ್ಕ) ಸಿಗುತ್ತೆ. ಪುಣೆಯಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಾರ್ಯಾಗಾರಕ್ಕೆ ನಾನು ಹೋಗಿದ್ದು ಸ್ವಂತ ದುಡ್ಡಲ್ಲಿ. ಸೋಲಾಪುರದವರೆಗೆ ನಿಂತೇ ಹೋದೆ. ರೂಮಿಗೆ ದಿನಕ್ಕೆ 900, ಬಿಸಿನೀರಿಗೆ ಬೇರೆ 30. ಬಂದ ಮೇಲೆ ಆ ವಾರದ ಗೌರವಧನವೂ ಕಟ್. ಈಗ ಪ್ರಾಕ್ಟಿಕಲ್ ಪೂರ್ತಿ ನನ್ನ ತಲೆಗೆ, ವರದಿಯಲ್ಲಿ ಹೆಸರು ಮಾತ್ರ ಕಾಯಂನವರದ್ದು.

ಆಳಂದ: ಸೋಲಾಪುರ ಅಂದ್ರಲ್ಲ, ಅಲ್ಲಿ ಮೋಡ ಬಿತ್ತನೆ ಮಾಡಿಯೇ ನಮ್ಮ ತೊಗರಿಗೆ ಮಳೆ ಇಲ್ಲದಂತಾಗಿದ್ದು. ಅದನ್ನ ಹೇಳಿಕೊಡಿ ಮೊದಲು.

ಬೀದರ್ ಫಿಜಿಕ್ಸ್: ಅದು ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಪ್ರಯೋಗ. 2018, 2019ರಲ್ಲಿ ಆರಿಸಿದ ಕೆಲವು ಮೋಡಗಳಿಗಷ್ಟೇ ಬಿತ್ತಿದ್ದು. ಪಶ್ಚಿಮ ಘಟ್ಟದ ಮಳೆನೆರಳಲ್ಲಿ ಇದ್ದೀವಿ ನಾವು, ಘಟ್ಟದ ಆಚೆಯೇ ಮಳೆ ಸುರಿದುಹೋಗುತ್ತೆ, ಅದಕ್ಕೆ ಮಳೆ ಕಡಿಮೆ. ಮಳೆ ಕಳ್ಳತನ ಅಂತ ಸುಮ್ನೆ ಹಬ್ಬಿಸಬೇಡಿ.

ಆಳಂದ: ಮಳೆನೆರಳು ನಮ್ಮಜ್ಜನ ಕಾಲದಲ್ಲೂ ಇತ್ತಲ್ವಾ ಸರ್? ಆಗ ಮಳೆ ಬರ್ತಿತ್ತು.

ಯಾದಗಿರಿ ಭೂಗೋಳ ಮೇಡಂ: ಅಜ್ಜನ ಕಾಲದ ಬರಗಾಲದ ಪಟ್ಟಿ ಹಾಕಲಾ?

ಅತಿಥಿ ಉಪನ್ಯಾಸಕ, ಕಲಬುರಗಿ: ಪಟ್ಟಿ ಆಮೇಲೆ ಹಾಕಿ ಮೇಡಂ. ಗೌರವಧನದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ ನೋಡ್ರಿ.