ಟೈರಿನ ‘ದಪ್ಪ’ ಎಂದರೆ ಅಗಲವೋ, ಎತ್ತರವೋ?

ಎಲ್ಲರಿಗೂ ನಮಸ್ಕಾರ. ಕಾಡುದಾರಿಯಲ್ಲೂ ಡಾಂಬರಿನಲ್ಲೂ ಓಡುವ ಡ್ಯುಯಲ್ ಸ್ಪೋರ್ಟ್ ಬೈಕುಗಳಿಗೆ ಟೈರ್ ಆರಿಸುವ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ದಪ್ಪ’ ಎಂಬ ಪದವನ್ನು ಹೇಗೆ ಬಳಸಬೇಕು ಎಂಬುದೇ ಬಗೆಹರಿಯುತ್ತಿಲ್ಲ. ನಿಮ್ಮೂರಿನ ಬಳಕೆ ತಿಳಿಸಿದರೆ ಉಪಕಾರವಾಗುತ್ತದೆ.

‘ಹಿಂದಕ್ಕೆ ಸ್ವಲ್ಪ ದಪ್ಪ ಟೈರ್ ಹಾಕಿಸಿ’ ಎಂದು ಬೈಕಿನವರು ಸಲೀಸಾಗಿ ಹೇಳಿಬಿಡುತ್ತಾರೆ. ಎಕ್ಸ್‌ಪಲ್ಸ್ 200 ಬೈಕಿನ ಹಿಂದಿನ ಟೈರ್ 120/80-18, ಅಂದರೆ 120 ಮಿ.ಮೀ. ಅಗಲ, ಆ ಅಗಲದ ಶೇ. 80ರಷ್ಟು ಎತ್ತರ, 18 ಇಂಚಿನ ರಿಮ್. ಈ ಮಾತು ಕೇಳಿ ಒಬ್ಬರು 130/80-18 ತರಬಹುದು, ಇನ್ನೊಬ್ಬರು 120/90-18 ತರಬಹುದು. ಇಬ್ಬರೂ ‘ದಪ್ಪ’ವನ್ನೇ ತಂದಿರುತ್ತಾರೆ. ಮೊದಲನೆಯದು 10 ಮಿ.ಮೀ. ಅಗಲ ಹೆಚ್ಚು, ಅದರಲ್ಲಿ ಅರ್ಧ ಚೈನಿನ ಕಡೆಗೇ ಬರುತ್ತದೆ. ಎರಡನೆಯದರ ಅಗಲ ಮೊದಲಿನಷ್ಟೇ, ಆದರೆ ರಿಮ್ಮಿನಿಂದ ಎತ್ತರ 96 ಇದ್ದದ್ದು 108 ಮಿ.ಮೀ. ಆಗುತ್ತದೆ. ಚಕ್ರದ ಒಂದು ಸುತ್ತಿಗೆ ಬೈಕು ಸುಮಾರು 75 ಮಿ.ಮೀ. ಹೆಚ್ಚು ಮುಂದೆ ಹೋಗುತ್ತದೆ, ಕಡಿದಾದ ಏರಿನಲ್ಲಿ ಎಳೆತ ಅಷ್ಟು ಕುಗ್ಗುತ್ತದೆ. ಇದರ ಮೇಲೆ, ಬಟನ್ ಟೈರಿನ (ಮೈಮೇಲೆ ರಬ್ಬರಿನ ದೊಡ್ಡ ಉಬ್ಬುಗಳಿರುವ ಟೈರ್) ಬಟನ್ ಎಷ್ಟು ಉಳಿದಿದೆ ಎನ್ನುವಾಗಲೂ ‘ದಪ್ಪ ಇದೆ’ ಎನ್ನುತ್ತೇವೆ. ಒಂದೇ ಪದಕ್ಕೆ ಮೂರು ಕೆಲಸ! ದುಡ್ಡು ಕೊಟ್ಟು ತಂದದ್ದು ಮಡ್‌ಗಾರ್ಡಿಗೆ ಉಜ್ಜಿದರೆ ಕೈಪಿಡಿ ಓದಿದವರು ನನ್ನನ್ನೇ ಕೇಳಬೇಕಲ್ಲವೇ.

90/90-21ರಂಥ ಅಳತೆಯಲ್ಲಿ ತೊಡಕು ಇನ್ನೂ ಹೆಚ್ಚು. ಹಿಮಾಲಯನ್ ಬೈಕಿನ ಮುಂದಿನ ಚಕ್ರದ್ದು ಇದೇ ಅಳತೆ. ಎರಡು ತೊಂಬತ್ತೂ ಒಂದೇ ಜಾತಿಯವು ಎನಿಸುತ್ತದೆ, ಆದರೆ ಮೊದಲನೆಯದು ಮಿ.ಮೀ. ಲೆಕ್ಕದ ಅಗಲ, ಎರಡನೆಯದು ಶೇಕಡ. ಅಂದರೆ ಎತ್ತರ 90ರ ಶೇ. 90, 81 ಮಿ.ಮೀ. ಕೊನೆಯ 21 ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಪಕ್ಕದಲ್ಲೇ ಇರುವ 54Sಗೆ ‘ಹೊರೆ’, ‘ವೇಗ’ ಎಂದರೆ ಸಾಕು: 54 ಎಂದರೆ ಟೈರ್ ಹೊರಬಲ್ಲ ಗರಿಷ್ಠ ಹೊರೆ 212 ಕೆ.ಜಿ., S ಎಂದರೆ ಗರಿಷ್ಠ ವೇಗ ಗಂಟೆಗೆ 180 ಕಿ.ಮೀ. ನಡುವಿನ ಸಂಖ್ಯೆಗೆ, ಅಂದರೆ ಆ ಶೇಕಡಕ್ಕೆ, ಮಾತ್ರ ನಮ್ಮಲ್ಲಿ ಹೆಸರಿಲ್ಲ. ಹಳೆಯ ಬುಲೆಟ್ಟಿನ 3.25-19ರಲ್ಲಿ ಆ ಸಂಖ್ಯೆಯೇ ಇರಲಿಲ್ಲ. ಆಗ ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತಿದ್ದುದರಿಂದ ಬೇರೆ ಹೇಳಬೇಕಾಗಿರಲಿಲ್ಲ. ಹಿರಿಯ ಮೆಕ್ಯಾನಿಕ್ಕುಗಳು ಇದನ್ನು ‘ಮೂರೂಕಾಲು ಹತ್ತೊಂಬತ್ತು’ ಎಂದು ಓದುತ್ತಿದ್ದದ್ದು ಯಾರಿಗಾದರೂ ನೆನಪಿದೆಯೇ?

ನನ್ನ ಯೋಚನೆ ಹೀಗಿದೆ. ‘ದಪ್ಪ’ವನ್ನು ರಬ್ಬರಿಗೆ, ಬಟನ್‌ಗೆ ಮಾತ್ರ ಬಿಟ್ಟುಕೊಡೋಣ. ಮೊದಲ ಸಂಖ್ಯೆ ‘ಅಗಲ’. ಟೈರಿನ ಪಕ್ಕದ ಗೋಡೆಗೆ ‘ಪಕ್ಕೆ’, ನಡುವಿನ ಸಂಖ್ಯೆಗೆ ‘ಪಕ್ಕೆಯ ಪಾಲು’. ಪಂಚರ್ ಅಂಗಡಿಯಲ್ಲಿ ‘ಸೈಡಲ್ಲಿ ಕಟ್ಟಾಗಿದೆ’ ಅನ್ನುವುದನ್ನು ‘ಪಕ್ಕೆ ಸೀಳಿದೆ’ ಎಂದರೆ ಕಿವಿಗೆ ಒಪ್ಪುತ್ತದೆ. ‘ಪಾಲು’ ಶೇಕಡವನ್ನು ಸೂಚಿಸುತ್ತದೋ ಇಲ್ಲವೋ, ಅದರಲ್ಲಿ ನನಗೆ ಪೂರ್ತಿ ಧೈರ್ಯವಿಲ್ಲ. ಬಟನ್ ಟೈರ್ ಬಟನ್ ಟೈರಾಗಿಯೇ ಇರಲಿ, ಅದಕ್ಕೆ ಹೊಸ ಪದ ಕಟ್ಟುವುದು ಬೇಡ.

‘ಸಣ್ಣ ಟೈರ್’ ಎಂಬುದರಲ್ಲೂ ಇದೇ ಗೊಂದಲ. 21 ಇಂಚಿನ ಮುಂದಿನ ಚಕ್ರ ದೊಡ್ಡದು, ಹಾಗಾಗಿ ಕಲ್ಲುಗುಂಡುಗಳ ಮೇಲೆ ಹತ್ತಿ ಇಳಿಯುತ್ತದೆ. ಅಗಲ ಕಡಿಮೆ, ಹಾಗಾಗಿ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಸಕಲೇಶಪುರದ ತೋಟದ ದಾರಿಗಳಲ್ಲಿ ಮಳೆಗಾಲಕ್ಕೆ ಬೇಕಾದದ್ದೇ ಇದು. ಇದನ್ನು ‘ಸಣ್ಣ’ ಎಂದರೆ 19 ಅಥವಾ 17 ಇಂಚಿನದು ಎಂದುಕೊಂಡಾರು. ಕರಾವಳಿಯವರ ‘ಸಪೂರ’ ಇಲ್ಲಿಗೆ ಸರಿಯಾಗಿ ಹೊಂದುತ್ತದೆ: ಎತ್ತರ ಇದ್ದೂ ಅಗಲ ಕಡಿಮೆ ಇರುವುದು. ‘ಮುಂದಕ್ಕೆ ಸಪೂರ ಟೈರ್ ಇರಲಿ’ ಎಂದು ಬರೆದರೆ ಚಿತ್ರದುರ್ಗ, ಕೋಲಾರ, ಕಲಬುರಗಿ ಕಡೆಯವರಿಗೆ ತಟ್ಟನೆ ಅರ್ಥವಾದೀತೇ? ಇಲ್ಲವಾದರೆ ನಿಮ್ಮ ಕಡೆ ಏನೆನ್ನುತ್ತೀರಿ?